ಅಲ್ಲಿ ಹೊಸ ರೊಟ್ಟಿ, ಇಲ್ಲಿ ಆಟಿ



ಜುಲೈ ಬಂತೆಂದರೆ ಮುಂಬಯಿಯ ತುಳು-ಕನ್ನಡಿಗರ ಸಂಘಗಳಿಂದ 'ಆಟಿಡೊಂಜಿ ದಿನ'ದ ಆಮಂತ್ರಣಗಳು ಬರತೊಡಗುತ್ತವೆ. ಅದರ ಜೊತೆಗೆ ಇಂಗ್ಲೆಂಡಿನ ಒಂದು ವಿಚಿತ್ರ ಪಂಚಾಂಗವನ್ನೂ ತೆರೆದು ನೋಡೋಣವೇ?

'ವಿಕ್ಕಾ' ಎಂಬುದು ಪ್ರಕೃತಿಯನ್ನು ಪೂಜಿಸುವವರ ಹೊಸ ಪಂಥ. ಬ್ರಿಟನ್ನಿನಲ್ಲಿ ಮಾಟದ ವಿರುದ್ಧ ಇದ್ದ ಹಳೆಯ ಕಾನೂನು 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡನರ್ ಎಂಬ ನಿವೃತ್ತ ಸುಂಕದ ಅಧಿಕಾರಿ ಪುಸ್ತಕ ಬರೆದು ಈ ಪಂಥವನ್ನು ಜನರ ಮುಂದಿಟ್ಟರು. ಇವರಿಗೆ ವರ್ಷಕ್ಕೆ 8 ಹಬ್ಬ. ಕೆಲವು ಬಹಳ ಹಳೆಯವು. ಆದರೆ ಎಂಟನ್ನೂ ಒಂದೇ ಚಕ್ರವಾಗಿ ಪೋಣಿಸಿದ್ದು 1950ರ ದಶಕದಲ್ಲಿ. ಸೆಪ್ಟೆಂಬರಿನ ಹಬ್ಬಕ್ಕೆ 'ಮೇಬನ್' ಎಂಬ ಹೆಸರು ಬಿದ್ದದ್ದಂತೂ 1970ರ ದಶಕದ ಅಮೆರಿಕದಲ್ಲಿ!

ಆಗಸ್ಟ್ 1 ಅವರಿಗೆ 'ಲಾಮಸ್', ಹೊಸ ಗೋಧಿಯ ರೊಟ್ಟಿಯ ಹಬ್ಬ. ಅದೇ ದಿನ ತುಳುನಾಡಿನಲ್ಲಿ ಆಟಿ ತಿಂಗಳ ನಡುಭಾಗ. ನಾಟಿ ಮುಗಿದಿದೆ, ಕೆಲಸವಿಲ್ಲ, ಕಣಜ ಬರಿದು, ಹೊರಗೆ ಬಿಡದ ಮಳೆ. ಕೋಲವಿಲ್ಲ, ಮದುವೆಯಿಲ್ಲ. ಹೊಸ ಮದುಮಗಳು ತವರಿಗೆ ಬಂದು ಕೂರುತ್ತಾಳೆ. ತೆಂಗಿನ ಎಳೆಗರಿ ಉಟ್ಟು, ತಾಳೆಗರಿಯ ಕೊಡೆ ತಿರುಗಿಸುತ್ತ ಆಟಿ ಕಳೆಂಜ ಮನೆಮನೆಗೆ ಬಂದು ಮಾರಿ ಕಳೆಯುತ್ತಾನೆ. ಈ ವೇಷ ಕಟ್ಟುವವರು ನಲಿಕೆ ಸಮುದಾಯದವರು. ಮನೆಯವರು ಕೊಡುವ ಅಕ್ಕಿ, ಉಪ್ಪು, ಮೆಣಸೇ ಅವರಿಗೆ ಆ ತಿಂಗಳ ಆಸರೆ.

ತಜಂಕ್ ಸೊಪ್ಪು, ಕಣಿಲೆ, ಕೆಸುವಿನ ಪತ್ರೊಡೆ, ಉಪ್ಪುನೀರಿನಲ್ಲಿಟ್ಟ ಹಲಸಿನ ತೊಳೆ: ಇವೆಲ್ಲ ನಮ್ಮ ಅಜ್ಜಿಯಂದಿರು ಬೇರೆ ಗತಿಯಿಲ್ಲದೆ ಬೇಯಿಸಿದವು. ಮುಂಬಯಿಯ ಸಭಾಗೃಹಗಳಲ್ಲಿ ಇಂದು ಅವೇ ಸಾಲಾಗಿ ಬಡಿಸಲ್ಪಡುತ್ತವೆ, ಹಸಿವಿನ ತಿಂಗಳು ಔತಣವಾಗಿದೆ. ನನಗೆ ಇದರಲ್ಲಿ ತಕರಾರಿಲ್ಲ, ನಾನೂ ಎರಡು ಸಲ ಹಾಕಿಸಿಕೊಳ್ಳುವವಳೇ! ಆದರೆ ಊಟದ ಸಾಲಿಗೆ ಮೊದಲು, ಆಟಿಯಲ್ಲಿ ಹಸಿದು ಮಲಗಿದ ನೆನಪಿರುವ ಹಿರಿಯರೊಬ್ಬರಿಗೆ ಮೈಕ್ ಕೊಟ್ಟರೆ ಚೆನ್ನ. ಅಂಥವರು ಈಗ ಉಳಿದಿರುವುದೇ ಕೆಲವರು.

ಆಸ್ಟ್ರೇಲಿಯಾದ ಅನೇಕ ವಿಕ್ಕನ್ನರು ತಮ್ಮ ಚಕ್ರವನ್ನು ಆರು ತಿಂಗಳು ತಿರುಗಿಸಿಕೊಂಡಿದ್ದಾರೆ, ಅಲ್ಲಿ ಆಗಸ್ಟಿನಲ್ಲಿ ಚಳಿ ತಾನೇ! ನಮಗೆ ಆ ಕಷ್ಟ ಬರಲಿಲ್ಲ. ಮಂಗಳೂರಿನ ಮಳೆಯೇ ಕರಾವಳಿಯುದ್ದಕ್ಕೂ ಬಂದು ಮಾಟುಂಗ, ಕುರ್ಲಾಗಳನ್ನು ತೋಯಿಸುತ್ತದೆ. ಗದ್ದೆ ಮಾತ್ರ ಊರಲ್ಲೇ ಉಳಿಯಿತು.

ಆಟಿ ಅಮಾವಾಸ್ಯೆಯ ಕಷಾಯಕ್ಕೆ ಬೇಕಾದ ಪಾಲೆ ಮರವೂ ಇಲ್ಲಿದೆ, ಮರಾಠಿಯಲ್ಲಿ ಅದು 'ಸಾತವೀಣ್'. ನಸುಕಿನಲ್ಲಿ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವುದು ರೂಢಿ, ಕಬ್ಬಿಣ ತಾಗಿಸುವಂತಿಲ್ಲ. ಆದರೆ ಮರದ ಗುರುತು ಸರಿಯಾಗಿ ಬಲ್ಲವರಿಲ್ಲದೆ ಹೊರಡಬೇಡಿ. ಕಾಸರಕನ ಮರದ ತೊಗಟೆ ವಿಷ.