ಎಲ್ ನಿನೊ: ಬಂದರಿನ ಮಾತು ಬರದ ಮಾತಾದ ಬಗೆ

ಮುಂಗಾರು ತಡವಾದ ವರ್ಷ ಪತ್ರಿಕೆಯಲ್ಲೂ ಸಂತೆಯಲ್ಲೂ ಕೇಳಿಬರುವ ಪದ ‘ಎಲ್ ನಿನೊ’. ಸ್ಪ್ಯಾನಿಷ್ ಬಾಯಲ್ಲಿ ಅದು ‘ಎಲ್ ನಿನ್ಯೊ’. ನಿನ್ಯೊ ಎಂದರೆ ಗಂಡುಮಗು. ಕ್ರಿಸ್ಮಸ್ ಹೊತ್ತಿಗೆ ಈ ಮಾತು ಬಂದರೆ ಬಾಲಯೇಸು. ನಮ್ಮಲ್ಲಿ ಅದು ಬರಗಾಲಕ್ಕೆ ಇನ್ನೊಂದು ಹೆಸರಾಗಿ ಕೂತಿದೆ. ಅದರ ತವರಿನಲ್ಲಿ ಅರ್ಥ ತೀರ ಬೇರೆ.

ತವರು ಪೆರು ದೇಶದ ಉತ್ತರದ ಪಾಯ್ತಾ ಬಂದರು. ಅಲ್ಲಿನ ಕಡಲು ತಣ್ಣಗಿನದು. ಆಳದಿಂದ ಮೇಲೇಳುವ ತಣ್ಣೀರು ಮೀನಿಗೆ ಮೇವು ತರುತ್ತದೆ, ದಡಕ್ಕೆ ಮಾತ್ರ ಮಳೆ ತರುವುದಿಲ್ಲ. ಹಾಗಾಗಿ ಕರಾವಳಿಯುದ್ದಕ್ಕೂ ಮರುಭೂಮಿ. ಡಿಸೆಂಬರ್ ಕೊನೆಗೆ ಉತ್ತರದಿಂದ ಒಂದು ಬೆಚ್ಚಗಿನ ಹರಿವು ಇಳಿದು ಬರುತ್ತಿತ್ತು. ಕ್ರಿಸ್ಮಸ್ ಆಸುಪಾಸಿನಲ್ಲೇ ಬರುತ್ತಿದ್ದುದರಿಂದ ದೋಣಿಯವರು ಅದನ್ನು ‘ಮಗುವಿನ ಹರಿವು’ ಎಂದು ಕರೆದರು. 1890ರ ದಶಕದ ಆರಂಭದಲ್ಲಿ ಪೆರು ನೌಕಾಪಡೆಯ ಕಮಿಲೊ ಕರಿಯೊ ಲಿಮಾದ ಭೂಗೋಳ ಸಂಘದ ಮುಂದೆ ಈ ಹೆಸರನ್ನು ಹೇಳಿ ಬರಹಕ್ಕೆ ತಂದರು. 1895ರಲ್ಲಿ ಫೆದೆರಿಕೊ ಪೆಸೆತ್ ಅದನ್ನು ಲಂಡನ್ನಿನ ಭೂಗೋಳ ಸಮ್ಮೇಳನಕ್ಕೆ ಒಯ್ದರು. ಆ ಹರಿವು ಜೋರಾಗಿದ್ದ 1891ರ ವಿಪರೀತ ಮಳೆ ಆಗಿನ್ನೂ ಎಲ್ಲರ ನೆನಪಿನಲ್ಲಿತ್ತು. ಆ ವರ್ಷ ತುಂಬೆಸ್ ಹೊಳೆಯ ಕಡೆಯ ಮರದ ದಿಮ್ಮಿಗಳೂ ಸತ್ತ ಮೊಸಳೆಗಳೂ ದಕ್ಷಿಣದ ಪಾಕಸ್ಮಾಯೊವರೆಗೆ ತೇಲಿ ಬಂದಿದ್ದವು. ಇಂಥ ವರ್ಷ ಮೀನು ಕಡಿಮೆಯಾಗುತ್ತಿತ್ತು, ಆದರೆ ಮರಳುಗಾಡು ಹಸಿರಾಗಿ ಆಡು ಕಾಯುವವರಿಗೆ ಸುಗ್ಗಿ. ಅದನ್ನು ಸಮೃದ್ಧಿಯ ವರ್ಷ ಎಂದೇ ಕರೆಯುತ್ತಿದ್ದರು.

ಅದೇ ಬಿಸಿನೀರು ನಮ್ಮ ಹೊಲಕ್ಕೆ ಏನು ಮಾಡಿತ್ತು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. 1877-78ರಲ್ಲಿ ಉತ್ತರ ಪೆರುವಿನಲ್ಲಿ ನೆರೆ. ಇತ್ತ ಮೈಸೂರು ಸಂಸ್ಥಾನದಲ್ಲಿ ಹಿಂದಿನ ವರ್ಷವೇ ಶುರುವಾಗಿದ್ದ ಬರದ ಮೇಲೆ 1877ರ ಮುಂಗಾರೂ ಕೈಕೊಟ್ಟಿತು. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಹೆಸರು ಕೂಡಿಸಿ ನಮ್ಮವರು ಅದನ್ನು ‘ಧಾತು ಈಶ್ವರ ಬರ’ ಎಂದರು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ ಸುಮಾರು 50 ಲಕ್ಷ; 1881ರಲ್ಲಿ ಸುಮಾರು 42 ಲಕ್ಷ. ಒಂದೇ ಕಡಲಿನ ಕಾವಿಗೆ ಅವರು ಅಲ್ಲಿ ಮಗುವಿನ ಹೆಸರಿಟ್ಟರು, ನಾವು ಇಲ್ಲಿ ಪಂಚಾಂಗದ ಹೆಸರಿಟ್ಟೆವು. ಈ ಎರಡೂ ಒಂದೇ ಕಥೆಯೆಂದು ತಿಳಿಯಲು ಸುಮಾರು 90 ವರ್ಷ ಬೇಕಾಯಿತು.

ನಡುವಿನ ಕೊಂಡಿ ಸಿಕ್ಕಿದ್ದು ಭಾರತದಲ್ಲೇ. 1904ರಲ್ಲಿ ಹವಾಮಾನ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಗಣಿತಜ್ಞ. ಮುಂಗಾರನ್ನು ಮುಂಚಿತವಾಗಿ ಹೇಳಬೇಕೆಂದು ಅವರು ಹಲವು ದೇಶಗಳ ವಾಯುಭಾರದ ದಾಖಲೆ ತರಿಸಿದರು. ಭಾರತೀಯ ಗುಮಾಸ್ತರು ಕೈಯಲ್ಲೇ ಲೆಕ್ಕ ಹಾಕಿದರು. ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಏರಿದರೆ ಹಿಂದೂ ಮಹಾಸಾಗರದ ಮೇಲೆ ಇಳಿಯುತ್ತದೆ, ತಕ್ಕಡಿಯ ಎರಡು ತಟ್ಟೆಗಳಂತೆ. ಇದನ್ನು ವಾಕರ್ ‘ದಕ್ಷಿಣದ ಆಂದೋಲನ’ (ಸದರ್ನ್ ಆಸಿಲೇಶನ್) ಎಂದರು. ತಕ್ಕಡಿ ವಾಲುವುದೇಕೆಂದು ಮಾತ್ರ ಅವರಿಗೆ ಗೊತ್ತಾಗಲಿಲ್ಲ.

1969ರಲ್ಲಿ ಹವಾಮಾನ ವಿಜ್ಞಾನಿ ಯಾಕೊಬ್ ಬ್ಯೆರ್ಕ್ನೆಸ್ ಆ ಒಗಟನ್ನು ಬಿಡಿಸಿದರು. ಮಾಮೂಲಿ ವರ್ಷಗಳಲ್ಲಿ ಪೂರ್ವದಿಂದ ಬೀಸುವ ಗಾಳಿ ಪೆಸಿಫಿಕ್‌ನ ಬಿಸಿನೀರನ್ನು ಇಂಡೋನೇಷ್ಯಾದತ್ತ ತಳ್ಳುತ್ತದೆ. ಮೋಡ ಕಟ್ಟುವುದು ಆ ನೀರಿನ ಮೇಲೆಯೇ. ಗಾಳಿ ಸೋತಾಗ ಬಿಸಿನೀರು ಪೂರ್ವಕ್ಕೆ ಮರಳುತ್ತದೆ, ಮೋಡವೂ ಹಿಂದೆಯೇ ಹೋಗುತ್ತದೆ. ನಮ್ಮ ಕಡೆ ಗಾಳಿ ಮೇಲೇರುವ ಬದಲು ಕೆಳಗಿಳಿಯುತ್ತದೆ. ಮೋಡ ಕಟ್ಟುವುದು ಕಷ್ಟವಾಗುತ್ತದೆ. ದೋಣಿಯವರ ಪದ, ವಾಕರ್ ಕೊಟ್ಟ ಪದ ಎರಡೂ ಸೇರಿ ‘ಎನ್ಸೊ’ ಎಂಬ ಜೋಡುಪದ ಹುಟ್ಟಿತು.

ಆಮೇಲೆ ಸಂಸಾರ ಬೆಳೆಯಿತು. ಕಡಲು ಎಂದಿಗಿಂತ ತಣ್ಣಗಾಗುವ ಸ್ಥಿತಿಗೆ ‘ಎಲ್ ವಿಯೆಹೊ’, ಅಂದರೆ ಮುದುಕ, ಎಂಬ ಹೆಸರೂ ಇತ್ತು, ಅದು ನಿಲ್ಲಲಿಲ್ಲ. 1985ರಲ್ಲಿ ವಿಜ್ಞಾನಿ ಜಾರ್ಜ್ ಫಿಲಾಂಡರ್ ಬಳಸಿದ ‘ಲಾ ನಿನ್ಯ’, ಹೆಣ್ಣುಮಗು, ಗೆದ್ದಿತು.

ನನ್ನ ತಕರಾರು ಇರುವುದು ನಮ್ಮ ಬಳಕೆಯ ಬಗ್ಗೆ. ಎಲ್ ನಿನೊ ಬಂತೆಂದರೆ ಬರ ಬಂತೆಂದೇ ನಾವು ಬರೆಯುತ್ತೇವೆ. 1997ರದು ಇಪ್ಪತ್ತನೇ ಶತಮಾನದ ಅತಿ ದೊಡ್ಡ ಎಲ್ ನಿನೊಗಳಲ್ಲೊಂದು. ಆ ವರ್ಷ ಭಾರತದ ಮುಂಗಾರು ಸರಾಸರಿಗಿಂತ ತುಸು ಹೆಚ್ಚೇ ಸುರಿಯಿತು. 2002ರದು ಅಷ್ಟೇನೂ ಬಲವಿಲ್ಲದ್ದು. ಆದರೂ ಮಳೆ ಶೇ 19ರಷ್ಟು ಕುಸಿಯಿತು. ಈ ವ್ಯತ್ಯಾಸದಲ್ಲಿ ಹಿಂದೂ ಮಹಾಸಾಗರದ ಪಾಲೂ ಇದೆ: ಅದರ ಪಶ್ಚಿಮ ಭಾಗ ಬೆಚ್ಚಗಾಗಿ ಪೂರ್ವ ಭಾಗ ತಣ್ಣಗಾದರೆ ಪೆಸಿಫಿಕ್‌ನ ಹೊಡೆತ ತಗ್ಗಬಹುದು. 1997ರಲ್ಲಿ ಆ ಸ್ಥಿತಿ ಇತ್ತು. ವಿಜ್ಞಾನಿ ಸಜಿ ಮತ್ತು ಸಂಗಡಿಗರು 1999ರಲ್ಲಿ ಅದಕ್ಕೆ ‘ಹಿಂದೂ ಮಹಾಸಾಗರದ ದ್ವಿಧ್ರುವ’ ಎಂದು ಹೆಸರಿಟ್ಟರು. ಹಾಗೆಂದು ಎಲ್ ನಿನೊವನ್ನು ಹಗುರವಾಗಿ ನೋಡುವಂತಿಲ್ಲ: 2023ರಲ್ಲಿ ಅದು ಬಂದಾಗ ಕರ್ನಾಟಕದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಬೇಕಾಯಿತು.

ಎಲ್ ನಿನೊ ಎಂದರೆ ಪೆಸಿಫಿಕ್‌ನ ನೀರು ಬೆಚ್ಚಗಾಗಿದೆ ಎಂದಷ್ಟೇ ಅರ್ಥ. ನಮ್ಮಲ್ಲಿ ಮಳೆ ಕಡಿಮೆಯಾಗುವ ಸಂಭವ ಹೆಚ್ಚು, ಖಾತರಿಯಲ್ಲ. ಮುಂದಿನ ಸಲ ತಲೆಬರಹದಲ್ಲಿ ಈ ಪದ ಕಂಡಾಗ ಬಿತ್ತನೆಯ ತೀರ್ಮಾನ ಬದಲಿಸುವ ಮೊದಲು, ಅದೇ ಸುದ್ದಿಯಲ್ಲಿ ಹಿಂದೂ ಮಹಾಸಾಗರದ ಬಗ್ಗೆ ಏನು ಹೇಳಿದ್ದಾರೆ ಎಂಬುದನ್ನೂ ದಯವಿಟ್ಟು ಓದಿ.