ಮುಯ್ಯಾಳಿನಿಂದ ಎದ್ದ ಮನೆಗಳು: ಉರುಗ್ವೆಯ ವಸತಿ ಸಹಕಾರ ಚಳವಳಿ

ದಕ್ಷಿಣ ಅಮೆರಿಕದ ಉರುಗ್ವೆ ದೇಶದಲ್ಲಿ ಯೋಗ್ಯವಾದ ಮನೆ ಪ್ರತಿಯೊಬ್ಬ ನಿವಾಸಿಯ ಹಕ್ಕು. ಸಂವಿಧಾನದ 45ನೆಯ ವಿಧಿಯೇ ಹಾಗೆ ಹೇಳುತ್ತದೆ. 1960ರ ದಶಕದಲ್ಲಿ ಬೆಲೆಗಳು ಏರುತ್ತ ಹೋಗಿ ಸಂಬಳದ ಬೆಲೆ ಕುಸಿದಾಗ, ಕಾರ್ಮಿಕ ಕುಟುಂಬಗಳ ಪಾಲಿಗೆ ಅದು ಬರಿಯ ಬರಹವಾಗಿತ್ತು. ಅದಕ್ಕೆ ಜೀವ ತುಂಬಿದವರು ಮನೆಯಿಲ್ಲದವರೇ.

1966ರಲ್ಲಿ ಇಸ್ಲಾ ಮಾಲಾ, ಫ್ರೇ ಬೆಂಟೋಸ್, ಸಾಲ್ಟೊ ಎಂಬ ಮೂರು ಊರುಗಳಲ್ಲಿ ಕುಟುಂಬಗಳು ಸಂಘ ಕಟ್ಟಿಕೊಂಡು ತಮ್ಮ ಮನೆಗಳನ್ನು ತಾವೇ ಕಟ್ಟತೊಡಗಿದವು. ಈ ಪ್ರಯೋಗದ ಬೆನ್ನಲ್ಲೇ, 1968ರ ಡಿಸೆಂಬರಿನಲ್ಲಿ ಬಂದ ರಾಷ್ಟ್ರೀಯ ವಸತಿ ಕಾಯ್ದೆ ಇಂಥ ಸಂಘಗಳಿಗೆ ಕಾನೂನಿನ ಮಾನ್ಯತೆ ನೀಡಿತು. 1970ರಲ್ಲಿ ಅವುಗಳ ಒಕ್ಕೂಟವಾದ ಫುಕ್ವಾಮ್ ಹುಟ್ಟಿತು.

ಕೆಲಸದ ಕ್ರಮ ನಮ್ಮ ಹಳ್ಳಿಗಳ ಮುಯ್ಯಾಳನ್ನು ಹೋಲುತ್ತದೆ. ಸರ್ಕಾರ ದೀರ್ಘಾವಧಿ ಸಾಲ ಕೊಡುತ್ತದೆ. ವಾಸ್ತುಶಿಲ್ಪಿಗಳು, ಸಮಾಜ ಕಾರ್ಯಕರ್ತರು, ಲೆಕ್ಕಿಗರು ಇರುವ ತಂಡ ಸಲಹೆ ನೀಡುತ್ತದೆ. ಪ್ರತಿ ಕುಟುಂಬ ವಾರಕ್ಕೆ ಸಾಮಾನ್ಯವಾಗಿ 21 ಗಂಟೆ ದುಡಿಯಬೇಕು. ಕಾರ್ಖಾನೆಯ ಪಾಳಿ ಮುಗಿಸಿ ಬಂದು ಇಟ್ಟಿಗೆ ಹೊರುವುದು, ರಜೆಯ ದಿನ ಗಾರೆ ಕಲಸುವುದು ಹಗುರದ ಮಾತಲ್ಲ. ಆ ದುಡಿಮೆಯೇ ಕುಟುಂಬದ ಬಂಡವಾಳ. ಒಟ್ಟು ವೆಚ್ಚದ ಸುಮಾರು ಶೇಕಡಾ 15 ಎಂದು ಅದನ್ನು ಲೆಕ್ಕ ಹಿಡಿಯಲಾಗುತ್ತದೆ. ಯಾವ ಮನೆ ಯಾರಿಗೆಂದು ಮೊದಲೇ ಗೊತ್ತಿಲ್ಲದ ಕಡೆ ಎಲ್ಲರೂ ಎಲ್ಲರ ಗೋಡೆಯನ್ನೂ ಒಂದೇ ಶ್ರದ್ಧೆಯಿಂದ ಕಟ್ಟುತ್ತಾರೆ.

ಈ ಮಾದರಿಯ ನಿಜವಾದ ಹೊಸತನ ಒಡೆತನದಲ್ಲಿದೆ. ಮನೆ ಸಂಘದ್ದು, ಸದಸ್ಯರಿಗೆ ಅದರಲ್ಲಿ ಬಾಳುವ ಹಕ್ಕು. ಆ ಹಕ್ಕು ಮಕ್ಕಳಿಗೂ ದಾಟುತ್ತದೆ. ಬಿಟ್ಟು ಹೋಗುವವರು ತಾವು ಹಾಕಿದ ಪಾಲನ್ನು ಪಡೆಯಬಹುದು, ಮನೆಯನ್ನು ಮಾರುಕಟ್ಟೆಯಲ್ಲಿ ಮಾರುವಂತಿಲ್ಲ. ಮನೆ ಸಟ್ಟಾ ವ್ಯಾಪಾರದ ಸರಕಾಗದಂತೆ ತಡೆದದ್ದು ಈ ಒಂದು ನಿಯಮ.

1973ರಲ್ಲಿ ಅಧಿಕಾರ ಹಿಡಿದ ಸರ್ವಾಧಿಕಾರಿ ಆಡಳಿತ ಹೊಸ ಸಂಘಗಳಿಗೆ ಮಾನ್ಯತೆ ನೀಡುವುದನ್ನು ನಿಲ್ಲಿಸಿತು. 1983ರಲ್ಲಿ ಸಾಮೂಹಿಕ ಒಡೆತನವನ್ನು ಒಡೆದು ಖಾಸಗಿ ಆಸ್ತಿಯಾಗಿಸುವ ಕಾನೂನನ್ನೂ ತಂದಿತು. ಅದನ್ನು ಜನಮತಕ್ಕೆ ಒಡ್ಡಬೇಕೆಂದು 1984ರ ಫೆಬ್ರುವರಿ 26ರಂದು ಸದಸ್ಯರು ಮನೆಮನೆಗೆ ಹೋಗಿ ಒಂದೇ ದಿನ 3 ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. ಆಗ ದೇಶದ ಜನಸಂಖ್ಯೆ ಸುಮಾರು 30 ಲಕ್ಷ. ಸೇನಾಡಳಿತದ ಕಣ್ಣೆದುರಿಗೇ ನಡೆದ ಈ ಕಾರ್ಯ ವಸತಿ ಹೋರಾಟಗಳ ಇತಿಹಾಸದಲ್ಲಿ ಅಪೂರ್ವವಾದದ್ದು. ಕಾನೂನು ಜಾರಿಯಾಗಲಿಲ್ಲ.

ಮುಂದೆ ಈ ಪದ್ಧತಿ ಪರಾಗ್ವೆ, ಬೊಲಿವಿಯಾ, ನಿಕರಾಗುವಾ, ಗ್ವಾಟೆಮಾಲಾ ಮೊದಲಾದ ದೇಶಗಳಿಗೆ ಹಬ್ಬಿತು. ಹೀಗೆ ಹಬ್ಬಿಸಿದ್ದಕ್ಕಾಗಿಯೇ ಫುಕ್ವಾಮ್ 2012ರ ವಿಶ್ವ ಹ್ಯಾಬಿಟಾಟ್ ಪ್ರಶಸ್ತಿ ಪಡೆಯಿತು.