ಊರ್ ನಗರದ ಹೂಳು ಮತ್ತು ಪ್ರಾಚೀನ ಬೇಸಾಯ

ಮೆಸೊಪೊಟೇಮಿಯದ ಊರ್ ನಗರದಲ್ಲಿ 1928-29ರಲ್ಲಿ ಉತ್ಖನನ ನಡೆಸಿದ ಲಿಯೊನಾರ್ಡ್ ವೂಲಿಯವರು ಸುಮಾರು 8ರಿಂದ 11 ಅಡಿ ದಪ್ಪದ ಶುದ್ಧವಾದ ಹೂಳಿನ ಸ್ತರವೊಂದನ್ನು ಕಂಡು, ಸುಮೇರಿಯನ್ ಕಥೆಗಳಲ್ಲಿಯೂ ಬೈಬಲ್ಲಿನಲ್ಲಿಯೂ ಬರುವ ಮಹಾಪ್ರಳಯದ ಕುರುಹು ಇದೇ ಎಂದು ಪ್ರತಿಪಾದಿಸಿದರು. ಈ ಮತವನ್ನು ಒಪ್ಪುವುದು ಕಷ್ಟ. ಊರ್‌ಗೆ ಸಮೀಪವಾದ ಎರಿದುವಿನಲ್ಲಿ 1946-49ರಲ್ಲಿ ನಡೆದ ಉತ್ಖನನದಲ್ಲಿ ಇಂತಹ ಸ್ತರವು ದೊರೆಯಲಿಲ್ಲ. ಶುರುಪ್ಪಕ್‌ನ ಹೂಳಾದರೋ ಸುಮಾರು ಕ್ರಿ.ಪೂ. 2900ರದು, ಊರ್‌ನದು ಅದಕ್ಕಿಂತ ಬಹು ಹಿಂದಿನ ಉಬೈದ್ ಕಾಲದ್ದು. ಆದುದರಿಂದ ಇವು ಬೇರೆ ಬೇರೆ ಕಾಲದ ಸ್ಥಳೀಯ ನೆರೆಗಳ ಗುರುತುಗಳೆಂದೇ ತಿಳಿಯಬೇಕು.

ಊರ್‌ನ ಹೂಳಿನ ಕೆಳಗೆ ಉಬೈದ್ ಸಂಸ್ಕೃತಿಯ ಮಡಕೆಗಳು ದೊರೆತಿವೆ. ಆ ಹೂಳನ್ನೇ ತೋಡಿ ಮಾಡಿದ ಗೋರಿಗಳಲ್ಲಿಯೂ ಅದೇ ಸಂಸ್ಕೃತಿಯ ಪಾತ್ರೆಗಳಿವೆ. ನೆರೆಯು ವಸತಿಯನ್ನು ಮುಳುಗಿಸಿತಾದರೂ ಜೀವನಪರಂಪರೆಯನ್ನು ಅಳಿಸಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಈ ಪರಂಪರೆಗೆ ಆಧಾರ ಬೇಸಾಯ. ಪ್ರಾಚೀನ ಈಜಿಪ್ಟಿನಲ್ಲಿ ನೈಲ್ ನದಿಯ ನೆರೆಯು ಬಿತ್ತನೆಗೆ ಮುನ್ನ ಬಂದು ಹೊಲವನ್ನು ಹದಗೊಳಿಸುತ್ತಿತ್ತು. ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳಾದರೋ ಪರ್ವತಗಳ ಹಿಮ ಕರಗಿದ ಬಳಿಕ, ಏಪ್ರಿಲ್-ಮೇ ತಿಂಗಳುಗಳಲ್ಲಿ, ಬಾರ್ಲಿ ಕೊಯ್ಲಿಗೆ ಬರುವ ಹೊತ್ತಿಗೇ ಉಕ್ಕುತ್ತಿದ್ದವು. ಬಿತ್ತನೆಯ ಶರತ್ಕಾಲದಲ್ಲಿ ನೀರು ಇಳಿದಿರುತ್ತಿತ್ತು. ಮಣ್ಣನ್ನು ಕೊಟ್ಟ ನದಿಯೇ ಪೈರನ್ನು ಕೊಚ್ಚಿಕೊಂಡು ಹೋಗಬಹುದಾಗಿತ್ತು. ಒಡ್ಡುಗಳೂ ಕಾಲುವೆಗಳೂ ಇಲ್ಲದೆ ಅಲ್ಲಿ ಬೆಳೆ ತೆಗೆಯುವುದು ದುಸ್ಸಾಧ್ಯ. ಪೂರ್ವ ಇರಾಕಿನ ಚೋಗಾ ಮಾಮಿಯಲ್ಲಿ ಸುಮಾರು ಕ್ರಿ.ಪೂ. 6000ದಷ್ಟು ಹಿಂದಿನ ಕಾಲುವೆಗಳ ಗುರುತುಗಳು ದೊರೆತಿರುವುದು ಈ ದೃಷ್ಟಿಯಿಂದ ಗಮನಾರ್ಹ. ಪ್ರಳಯದ ಕಥೆಗೆ ಸಾಕ್ಷ್ಯವನ್ನು ಅರಸುವುದಕ್ಕಿಂತ, ವರ್ಷವರ್ಷವೂ ನೆರೆಯನ್ನು ಎದುರಿಸಿದ ಈ ಸಾಮೂಹಿಕ ದುಡಿಮೆಯನ್ನು ಅರಿಯುವುದೇ ಇತಿಹಾಸಕಾರನಿಗೆ ಹೆಚ್ಚು ಫಲಪ್ರದವಾದುದು.